ಸೊಪ್ಪೂ ಮಾತ್ರೆಯೂ

ಉಪದೇಶ ಕೊಡುವುದರಲ್ಲಿ ಉಪಾಧ್ಯಾಯರಿಗಿರುವ ಉತ್ಸಾಹ ಬೇರೆ ಯಾರಿಗೂ ಇರಲಾರದು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ನಾನು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಹಾಗೆ ಆಡಿದ ಮಾತುಗಳಲ್ಲಿ ಒಂದು ಮಾತ್ರ ಈಗಲೂ ನಡುರಾತ್ರಿಯಲ್ಲಿ ನನ್ನನ್ನು ಎಬ್ಬಿಸಿ ಕೂರಿಸುವುದುಂಟು. ಅದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ವಾಚಕರ ಮನೆಯಲ್ಲಿ ಯಾರಿಗಾದರೂ ಅದರಿಂದ ಪ್ರಯೋಜನವಾದೀತು.

ನಮ್ಮ ಅಣ್ಣನವರು ನನಗಿಂತ ಹನ್ನೊಂದು ವರ್ಷ ಹಿರಿಯರು. ತಂದೆಯವರು ಕಾಲವಾದ ಮೇಲೆ ನನ್ನನ್ನು ಪಾಠಶಾಲೆಗೆ ಸೇರಿಸಿ ಓದಿಸಿದವರು ಅವರೇ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಒಬ್ಬರ ಬಾಯಲ್ಲಿಯೂ ಕೆಟ್ಟವರೆನ್ನಿಸಿಕೊಳ್ಳದೆ ಬಾಳಿದರು. ಇದ್ದ ಒಂದೇ ದುರಭ್ಯಾಸವೆಂದರೆ ಸಿಗರೇಟು. ದಿನಕ್ಕೊಂದು ಪ್ಯಾಕಿನಂತೆ ನಾಲ್ವತ್ತು ವರ್ಷ ಸೇದಿದರು. ಊಟವಾದೊಡನೆ ಹಿತ್ತಲಿನ ಬಾವಿಯ ಹಿಂದೆ ಹೋಗಿ ನಿಲ್ಲುವರು. ಮನೆಯವರೆಲ್ಲರೂ ತಿಳಿದೂ ತಿಳಿಯದವರಂತೆ ಇರುವರು. ಅತ್ತಿಗೆಯವರು ಮಾತ್ರ ಅದೇ ಹಿತ್ತಲಿನಲ್ಲಿ ನುಗ್ಗೆಯ ಸೊಪ್ಪನ್ನೋ ದಂಟಿನ ಸೊಪ್ಪನ್ನೋ ಬಿಡಿಸುತ್ತ, “ಸೊಪ್ಪು ತಿಂದರೆ ಸಾಲದು, ಅದನ್ನು ಬಿಡಬೇಕು” ಎಂದು ಗಿಡಕ್ಕೆ ಹೇಳುವಂತೆ ಹೇಳುತ್ತಿದ್ದರು.

2009ನೆಯ ಇಸವಿಯಲ್ಲಿ ಅಣ್ಣನವರಿಗೆ ಕೆಮ್ಮು ಹೆಚ್ಚಾಗಿ, ಸಿಗರೇಟನ್ನು ಬಿಡಬೇಕೆಂಬ ಯೋಚನೆ ಮೊದಲಾಗಿತ್ತು. ಅದೇ ಸಮಯಕ್ಕೆ ಅಮೆರಿಕದಲ್ಲಿದ್ದ ಅವರ ಮಗ ರಜೆಗೆ ಬಂದವನು ಮೂರು ಸೀಸೆ ಮಾತ್ರೆಗಳನ್ನು ತಂದುಕೊಟ್ಟ: ಒಂದರಲ್ಲಿ ಬೀಟಾ ಕ್ಯಾರೊಟೀನ್, ಮಿಕ್ಕೆರಡರಲ್ಲಿ ‘ಸಿ’ ಮತ್ತು ‘ಇ’ ಜೀವಸತ್ತ್ವಗಳು. ಕ್ಯಾನ್ಸರನ್ನು ತಡೆಯುತ್ತವೆಂದು ಯಾರೋ ಹೇಳಿದ್ದರಂತೆ. ಅಣ್ಣನವರು ಸೀಸೆಯನ್ನು ನನ್ನ ಕೈಗಿತ್ತು, “ನೀನು ಓದಿದವನು, ಹೇಳಪ್ಪ. ಇದನ್ನು ನುಂಗಬಹುದೋ?” ಎಂದು ಕೇಳಿದರು. ನಾನು ಹಿಂದುಮುಂದು ನೋಡಲಿಲ್ಲ. “ಇದು ನಮ್ಮ ಚರಕಾದಿಗಳು ಹೇಳಿದ ರಸಾಯನವೇ ಅಣ್ಣಯ್ಯ. ನೆಲ್ಲಿಕಾಯಿಯ ಗುಣವನ್ನು ಸೀಸೆಯಲ್ಲಿ ತುಂಬಿದ್ದಾರೆ. ಧಾರಾಳವಾಗಿ ತೆಗೆದುಕೊಳ್ಳಿ” ಎಂದೆ. ಅವರು ನಕ್ಕು, “ಹಾಗಾದರೆ ಬಾವಿಯ ಹಿಂದಿನ ಪಾಪಕ್ಕೆ ಪ್ರಾಯಶ್ಚಿತ್ತವಾಯಿತು” ಎಂದರು. ನಾನೂ ನಕ್ಕೆ. ಸಿಗರೇಟನ್ನು ಬಿಡುವ ಯೋಚನೆ ಅಂದಿಗೆ ನಿಂತುಹೋಯಿತು.

2012ರಲ್ಲಿ ಶ್ವಾಸಕೋಶದ ಕ್ಯಾನ್ಸರೆಂದು ನಿಶ್ಚಯವಾಯಿತು. ಮರುವರ್ಷ ಅಣ್ಣನವರು ತೀರಿಕೊಂಡರು. ಮಾತನಾಡಿಸಿ ಹೋಗಲು ಬಂದವರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದ, ಈಗ ವೈದ್ಯ. ಗೂಡಿನಲ್ಲಿದ್ದ ಸೀಸೆಯನ್ನು ಕಂಡು, “ಮೇಷ್ಟ್ರೇ, ಇದನ್ನು ಯಾರು ತೆಗೆದುಕೊಳ್ಳುತ್ತಿದ್ದರು?” ಎಂದ. ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಸೇದುವವರಿಗೆ ಇದು ಆಗದು ಎಂಬುದು 1994ರಲ್ಲಿಯೇ ತಿಳಿದಿತ್ತು” ಎಂದ. ನನ್ನ ಬಲವಂತದಿಂದ ಆ ವಿಷಯದ ಲೇಖನಗಳನ್ನು ತಂದುಕೊಟ್ಟ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ.

ವೃತ್ತಾಂತ ಹೀಗಿದೆ. ಉಸಿರಾಟದಿಂದಲೂ ಹೊಗೆಯಿಂದಲೂ ನಮ್ಮ ದೇಹದಲ್ಲಿ ಕೆಲವು ಉಗ್ರವಾದ ಕಣಗಳು ಹುಟ್ಟಿ, ತುಕ್ಕು ಕಬ್ಬಿಣವನ್ನು ತಿನ್ನುವಂತೆ ಜೀವಕೋಶಗಳನ್ನು ಕೆಡಿಸುತ್ತವೆ. ಬೀಟಾ ಕ್ಯಾರೊಟೀನ್, ‘ಸಿ’ ಮತ್ತು ‘ಇ’ ಜೀವಸತ್ತ್ವಗಳು ಅವನ್ನು ಶಮನ ಮಾಡಬಲ್ಲವು. ಮೇಲಾಗಿ, ಸೊಪ್ಪು, ತರಕಾರಿ, ಹಣ್ಣುಗಳನ್ನು ಹೆಚ್ಚಾಗಿ ತಿನ್ನುವವರಲ್ಲಿಯೂ, ರಕ್ತದಲ್ಲಿ ಕ್ಯಾರೊಟೀನ್ ಹೆಚ್ಚಾಗಿರುವವರಲ್ಲಿಯೂ ಕ್ಯಾನ್ಸರು ಕಡಮೆಯಾಗಿ ಕಂಡುಬಂದಿತ್ತು. ಹಾಗಾದರೆ ಆ ದ್ರವ್ಯದಿಂದಲೇ ರೋಗವನ್ನು ತಗ್ಗಿಸಬಹುದೇ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ರಿಚರ್ಡ್ ಪೀಟೊ, ರಿಚರ್ಡ್ ಡಾಲ್ ಮೊದಲಾದವರು 1981ರಲ್ಲಿ ಎತ್ತಿದರು. ಪರೀಕ್ಷಿಸದೆ ನಂಬಬಾರದೆಂಬುದೇ ಅವರ ಅಭಿಪ್ರಾಯವಾಗಿತ್ತು.

ಫಿನ್ಲೆಂಡಿನಲ್ಲಿ 1985ರಿಂದ 1993ರವರೆಗೆ ಪರೀಕ್ಷೆ ನಡೆಯಿತು. ಧೂಮಪಾನಿಗಳಾದ 29,133 ಗಂಡಸರು, ಎಲ್ಲರೂ 50ರಿಂದ 69 ವರ್ಷದವರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್, ಕೆಲವರಿಗೆ ‘ಇ’ ಜೀವಸತ್ತ್ವ, ಕೆಲವರಿಗೆ ಎರಡೂ, ಕೆಲವರಿಗೆ ಬರಿಯ ಹುಸಿಮಾತ್ರೆ. ಯಾರಿಗೆ ಯಾವುದೆಂಬುದು ಕೊಟ್ಟವರಿಗೂ ತಿಳಿಯದು, ಕೊಂಡವರಿಗೂ ತಿಳಿಯದು. ಕಡೆಗೆ ನೋಡಿದರೆ, ಕ್ಯಾರೊಟೀನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಶೇಕಡಾ 18ರಷ್ಟು ಹೆಚ್ಚು, ಒಟ್ಟು ಮರಣ ಶೇಕಡಾ 8ರಷ್ಟು ಹೆಚ್ಚು! ಅಮೆರಿಕದಲ್ಲಿ ಧೂಮಪಾನಿಗಳನ್ನೂ ಕಲ್ನಾರಿನ ಧೂಳಿನಲ್ಲಿ ದುಡಿದವರನ್ನೂ ಸೇರಿಸಿ 18,314 ಮಂದಿಗೆ ಕ್ಯಾರೊಟೀನನ್ನು ‘ಎ’ ಜೀವಸತ್ತ್ವದೊಡನೆ ಕೊಟ್ಟ ಇನ್ನೊಂದು ಪರೀಕ್ಷೆಯನ್ನು 1996ರ ಜನವರಿಯಲ್ಲಿ, ಅವಧಿಗೆ ಮುಂಚೆಯೇ, ನಿಲ್ಲಿಸಬೇಕಾಯಿತು; ಅಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ಶೇಕಡಾ 46ರಷ್ಟು ಹೆಚ್ಚು. ಬಹುಮಟ್ಟಿಗೆ ಸೇದದವರೇ ಆದ 22,071 ಮಂದಿ ಅಮೆರಿಕದ ವೈದ್ಯರು ಹನ್ನೆರಡು ವರ್ಷ ಕ್ಯಾರೊಟೀನ್ ಪರೀಕ್ಷೆಗೆ ಒಳಗಾದರು. ಅವರಲ್ಲಿ ಲಾಭವೂ ಇಲ್ಲ, ಹಾನಿಯೂ ಇಲ್ಲ. ಚೀನಾದ ಲಿನ್‌ಷಿಯನ್ ಎಂಬ ಸೀಮೆಯಲ್ಲಿ ಮಾತ್ರ ಕ್ಯಾರೊಟೀನ್, ‘ಇ’ ಜೀವಸತ್ತ್ವ, ಸೆಲೆನಿಯಮ್ ಮೂರನ್ನೂ ಕೂಡಿಸಿ ಕೊಟ್ಟಾಗ ಕ್ಯಾನ್ಸರಿನ ಮರಣ ಶೇಕಡಾ 13ರಷ್ಟು ತಗ್ಗಿತು. ಅಲ್ಲಿನ ಜನ ಪೋಷಣೆಯಿಲ್ಲದೆ ಬಡಕಲಾಗಿದ್ದವರು. ಬರಿದಾದ ಕೊಡಕ್ಕೆ ನೀರು ತುಂಬುವುದು ಬೇರೆ, ತುಂಬಿದ ಕೊಡಕ್ಕೆ ಸುರಿಯುವುದು ಬೇರೆ.

ಇಷ್ಟನ್ನು ಓದಿದಾಗ ನನಗೆ ದುಃಖವಾಯಿತು. ಫಿನ್ಲೆಂಡಿನ ಪರೀಕ್ಷೆಯ ಇನ್ನೊಂದು ಅಂಶವನ್ನು ಓದಿದಾಗ ನಾಚಿಕೆಯಾಯಿತು. ಅದೇ ಗಂಡಸರಲ್ಲಿ, ಮಾತ್ರೆ ಮೊದಲು ಮಾಡುವುದಕ್ಕೆ ಮುಂಚೆ ಊಟದಲ್ಲಿಯೂ ರಕ್ತದಲ್ಲಿಯೂ ಕ್ಯಾರೊಟೀನ್ ಹೆಚ್ಚಾಗಿದ್ದವರಿಗೆ ಕ್ಯಾನ್ಸರು ಕಡಮೆಯಾಗಿತ್ತು. ಅಂದರೆ ಹಿಂದಿನವರು ಕಂಡದ್ದು ಸುಳ್ಳಲ್ಲ. ಅದರಿಂದ ಎಳೆದ ಅನುಮಾನ ಮಾತ್ರ ತಪ್ಪು. ಈ ತಪ್ಪಿನ ಹೆಸರನ್ನು ನಾನು ಬಾಲ್ಯದಲ್ಲಿಯೇ ತರ್ಕಸಂಗ್ರಹದಲ್ಲಿ ಓದಿದ್ದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆಯ ಸೇರಿಕೆ ಬೇಕು, ಅದೇ ಉಪಾಧಿ. ಹಾಗೆಯೇ ಕ್ಯಾರೊಟೀನ್ ಇದ್ದಲ್ಲಿ ಕ್ಷೇಮ ಕಂಡುದು ನಿಜ. ಆ ಕ್ಷೇಮಕ್ಕೆ ಸೊಪ್ಪಿನೊಳಗಿನ ನೂರು ದ್ರವ್ಯಗಳೂ, ಸೊಪ್ಪು ತಿನ್ನುವವರ ಹಿತಮಿತವಾದ ನಡೆಯೂ ಉಪಾಧಿಯಾಗಿದ್ದಿರಬೇಕು. ಹೊಗೆಯಿಂದ ನೊಂದ ಶ್ವಾಸಕೋಶದಲ್ಲಿ ಮಿತಿಮೀರಿದ ಕ್ಯಾರೊಟೀನ್ ತಾನೇ ಕೆಟ್ಟು ಕೇಡು ಮಾಡುತ್ತದೆಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ. ಮಕ್ಕಳಿಗೆ ಈ ಉದಾಹರಣೆಯನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೆನೋ! ಅಣ್ಣನವರು ಸೀಸೆಯನ್ನು ಕೈಗೆ ಕೊಟ್ಟ ದಿನ ಅದು ನೆನಪಿಗೆ ಬರಲಿಲ್ಲ.

ಅಣ್ಣನವರನ್ನು ಮಾತ್ರೆಯೇ ಕೊಂದಿತೆಂದು ನಾನು ಹೇಳಲಾರೆ. ಸಾವಿರಾರು ಜನರ ಲೆಕ್ಕದಿಂದ ಒಬ್ಬನ ಹಣೆಬರಹವನ್ನು ಓದಲಾಗದು. ನಾಲ್ವತ್ತು ವರ್ಷದ ತಂಬಾಕೇ ಸಾಕಾಗಿತ್ತು. ಆದರೆ ಸೇದುವುದನ್ನು ಬಿಟ್ಟ ಹತ್ತು ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಭಯ, ಸೇದುತ್ತಲೇ ಇರುವವರ ಅರ್ಧದಷ್ಟಕ್ಕೆ ಇಳಿಯುತ್ತದೆಂದು ಈಗ ಬಲ್ಲೆ. ಬಿಡಬೇಕೆಂದು ಎದ್ದ ಮನಸ್ಸನ್ನು ನಾನು ಒಂದು ಸಂಸ್ಕೃತದ ಮಾತಿನಿಂದ ಮತ್ತೆ ಮಲಗಿಸಿದೆ. ಇದಕ್ಕೆ ಪ್ರಾಯಶ್ಚಿತ್ತವಾದ ಮಾತ್ರೆ ಯಾವ ದೇಶದಲ್ಲಿಯೂ ಸಿಕ್ಕದು.

ಕ್ಯಾನ್ಸರನ್ನು ತಡೆಯಲೆಂದು ಬೀಟಾ ಕ್ಯಾರೊಟೀನನ್ನಾಗಲಿ ‘ಇ’ ಜೀವಸತ್ತ್ವವನ್ನಾಗಲಿ ನುಂಗಬಾರದೆಂದು ಅಮೆರಿಕದ ತಜ್ಞರ ಮಂಡಲಿಯೊಂದು 2022ರಲ್ಲಿ ಮತ್ತೆ ಹೇಳಿದೆ. ವೈದ್ಯರು ಕೊರತೆಯನ್ನು ಕಂಡು ಕೊಡುವ ಔಷಧದ ಮಾತು ಬೇರೆ. ಈಗ ಯಾರಾದರೂ ಸೀಸೆ ಹಿಡಿದುಕೊಂಡು ನನ್ನ ಬಳಿಗೆ ಬಂದರೆ ಸಿಗರೇಟು ಸೇದುತ್ತೀರಾ ಎಂದು ಮೊದಲು ಕೇಳುತ್ತೇನೆ. ಆಮೇಲೆ ವೈದ್ಯರ ಬಳಿಗೆ ಕಳುಹಿಸುತ್ತೇನೆ. ಅತ್ತಿಗೆಯವರಿಗೆ ಎಪ್ಪತ್ತು ದಾಟಿದೆ. ಈಗಲೂ ನುಗ್ಗೆಯ ಸೊಪ್ಪಿನ ಪಲ್ಯ ಮಾಡಿದ ದಿನ ನನಗೊಂದು ಬಟ್ಟಲು ಬರುತ್ತದೆ. ಅವರು ಆಗ ಗಿಡಕ್ಕೆ ಹೇಳುತ್ತಿದ್ದ ಮಾತನ್ನು ಈಗ ಹೇಳುವುದಿಲ್ಲ. ಊಟಕ್ಕೆ ಕುಳಿತಾಗ ನನಗೆ ಅದೇ ಕೇಳಿಸುತ್ತದೆ.