ಪಣಂಬೂರಿನ ಕಪ್ಪು ಗೆರೆ

ಮಂಗಳೂರು, ಶನಿವಾರ ರಾತ್ರಿ

ಅಪ್ಪಾಜಿ,

ಕ್ಷೇಮವಾಗಿ ತಲುಪಿದೆ.

ಸಂಜೆ ಪಣಂಬೂರಿನ ಕಡಲ ದಂಡೆಗೆ ಹೋಗಿದ್ದೆ. ಅಲೆ ಹಿಂದೆ ಸರಿದಲ್ಲಿ ಮರಳಿನ ಮೇಲೆ ಕಾಡಿಗೆ ಎಳೆದಂತೆ ಕಪ್ಪು ಗೆರೆ. ಮುಷ್ಟಿಯಲ್ಲಿ ಹಿಡಿದರೆ ಭಾರ. ಘಟ್ಟದ ಬಂಡೆ ಸವೆದು ಹೊಳೆಗಳು ತಂದ ಖನಿಜವಂತೆ. ಅವ್ವ ಮೊರದಲ್ಲಿ ಕೇರಿದ ಹಾಗೆ, ಹಗುರಾದ ಮರಳನ್ನು ಅಲೆ ಒಯ್ದು ಭಾರದ್ದನ್ನು ಬಿಟ್ಟುಹೋಗುತ್ತದೆ.

ಇದೇ ಪಣಂಬೂರಿಗೆ ಕುದುರೆಮುಖದ ಅದಿರು 67 ಕಿ.ಮೀ. ಕೊಳವೆಯಲ್ಲಿ ಕೆಸರಾಗಿ ಹರಿದು ಬರುತ್ತಿತ್ತು. 2005ರ ಕೊನೆಗೆ ಆ ಗಣಿ ನಿಂತಿತು. ಈಗ ಖನಿಜದ ಹುಡುಕಾಟ ನೀರಿನ ಕೆಳಗೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕಡಲ ವಿಭಾಗ ಈ ಊರಲ್ಲೇ ಇದೆ. ಆಳ ಸಮುದ್ರಕ್ಕೆ ‘ಸಮುದ್ರ ರತ್ನಾಕರ’, ತೀರದ ಹತ್ತಿರಕ್ಕೆ ‘ಸಮುದ್ರ ಕೌಸ್ತುಭ’ದಂಥ ಚಿಕ್ಕ ಹಡಗು. ನೀರಿಗೆ ಶಬ್ದ ಬಿಟ್ಟು, ತಳಕ್ಕೆ ಬಡಿದು ಮರಳಿದ ದನಿಯಿಂದ ನಕಾಶೆ ಬರೆಯುತ್ತಾರೆ. ಕೊಳವೆ ಇಳಿಸಿ ಮಣ್ಣು ತೆಗೆದು ನೋಡುತ್ತಾರೆ. ನಮ್ಮ ಸಂಡೂರಿನ ಗುಡ್ಡದಲ್ಲಿ ಅದಿರಿಗಾಗಿ ನೀವು ಬೋರ್ ಹಾಕಿಸಿ ನೋಡುತ್ತಿದ್ದಿರಲ್ಲ, ಹಾಗೆಯೇ.

ಹುಡುಕುವುದಕ್ಕೆ ನನ್ನ ತಕರಾರಿಲ್ಲ. ನಮ್ಮ ಕಡಲ ತಳದಲ್ಲಿ ಏನಿದೆ ಎಂದು ನಮಗೆ ಗೊತ್ತಿರಬೇಕು. ಭಯ ಇರುವುದು ಅಗೆಯುವುದರ ಬಗ್ಗೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 13 ಕಡಲ ಖನಿಜ ಬ್ಲಾಕುಗಳನ್ನು ಹರಾಜಿಗಿಟ್ಟಿತು. ಅವುಗಳಲ್ಲಿ ಮೂರು ಕೇರಳದ ಕೊಲ್ಲಂ ಕಡೆಯವು, ಕಟ್ಟಡದ ಮರಳಿಗಾಗಿ. 2025ರ ಫೆಬ್ರವರಿಯಲ್ಲಿ ಅದನ್ನು ವಿರೋಧಿಸಿ ಕೇರಳದ ಮೀನುಗಾರರು ಕರಾವಳಿ ಬಂದ್ ಮಾಡಿದರು.

ಯಾಕೆಂದು ಇಲ್ಲಿನ ಬಂದರಿನ ಧಕ್ಕೆಯಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. “ಮರಳು ಅಂದ್ರೆ ಖಾಲಿ ಜಾಗ ಅಂತ ಗ್ರಹಿಸಿದ್ದಾರೆ ಮಗಾ. ಎಲ್ಲಿ ಕಲ್ಲುಂಟು, ಎಲ್ಲಿ ಕೆಸರುಂಟು, ಎಲ್ಲಿ ಮೀನು ಮೇಯ್ತದೆ, ನಮ್ಮ ಬಲೆಗೆ ಗೊತ್ತುಂಟು” ಎಂದರು. ಯಂತ್ರ ಮರಳು ಹೀರುವಾಗ ಏಳುವ ಕೆಸರು ಸುತ್ತಲ ತಳದ ಮೇಲೆಲ್ಲ ಕೂರುತ್ತದೆ. ಅಲ್ಲಿನ ಹುಳ, ಚಿಪ್ಪು ಸತ್ತರೆ ಮೀನಿಗೆ ಮೇವೆಲ್ಲಿ?

ಅಪ್ಪಾಜಿ, ಸಂಡೂರಿನಲ್ಲಿ ಗಣಿಗಾರಿಕೆಗೆ ಗುಡ್ಡ ಕರಗಿದ್ದು ಕಣ್ಣಿಗೆ ಕಂಡಿತು. ಎಲೆಯ ಮೇಲೆ, ಕಿಟಕಿಯ ಮೇಲೆ, ನಿಮ್ಮ ಕೆಮ್ಮಿನಲ್ಲಿ ಕೆಂಪು ಧೂಳು ಕಂಡಿತು. ಕಂಡದ್ದಕ್ಕೇ ಜನ ಕೇಳಿದರು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು. ಇಲ್ಲಿ ತಳ ಕದಡಿದರೆ ಮೊದಲು ತಿಳಿಯುವುದು ಆ ಹಿರಿಯರ ಬಲೆಗೆ ಮಾತ್ರ. ಹಡಗಿನ ನಕಾಶೆಯ ಪಕ್ಕ ಅವರ ನಕಾಶೆಯನ್ನೂ ಇಟ್ಟು ನೋಡದೆ ಯಾವ ಹರಾಜೂ ನಡೆಯಬಾರದು.

ಒಂದು ಚಿಟಿಕೆ ಕಪ್ಪು ಮರಳು ಕಾಗದದಲ್ಲಿ ಕಟ್ಟಿಕೊಂಡಿದ್ದೇನೆ. ನಿಮ್ಮ ಹಳೆಯ ಆಯಸ್ಕಾಂತ ಹುಡುಕಿಡಿ. ನಮ್ಮೂರಿನ ಕೆಂಪು ಅದಿರು ಅದಕ್ಕೆ ಸರಿಯಾಗಿ ಅಂಟುತ್ತಿರಲಿಲ್ಲ. ಇದು ಅಂಟುತ್ತದೋ ನೋಡೋಣ.

ನಿಮ್ಮ ಮಗಳು