ಗಡಿ ದಾಟದ ಕರಿಬೇವು

ನಮ್ಮಲ್ಲಿ ಚೆಕ್‌ಪೋಸ್ಟ್ ಎಂದರೆ ಮರಳಿನ ಲಾರಿಗೋ, ಕಳ್ಳ ನಾಟಾಕ್ಕೋ, ಚುನಾವಣೆ ಬಂದಾಗ ಹಣಕ್ಕೋ ಎಂದು ಎಲ್ಲರಿಗೂ ಗೊತ್ತು. ಒಂದು ಕಿತ್ತಳೆ ಹಣ್ಣಿಗಾಗಿ, ಒಂದು ಗಿಡದ ಕುಂಡಕ್ಕಾಗಿ ಹೆದ್ದಾರಿಯಲ್ಲಿ ಕಾರು ನಿಲ್ಲಿಸುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಅಮೆರಿಕದ ಕ್ಯಾಲಿಫೋರ್ನಿಯಾ ಗಡಿಯಲ್ಲಿ ನನ್ನನ್ನೇ ನಿಲ್ಲಿಸಿದ ಮೇಲೆ ಆ ನಗು ಹೋಯಿತು.

ಮಗನ ಮನೆ ಇರುವುದು ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ಮರುಭೂಮಿಯ ಊರಾದರೂ ಅಲ್ಲಿನ ಎಷ್ಟೋ ಮನೆಗಳ ಹಿತ್ತಲಲ್ಲಿ ನಿಂಬೆ, ಕಿತ್ತಳೆ ಮರಗಳಿವೆ. ಮಾರ್ಚ್ ತಿಂಗಳಲ್ಲಿ ಬೆಳಗಿನ ವಾಕಿಂಗ್ ಹೊರಟರೆ ಬೀದಿಯ ತುಂಬ ಕಿತ್ತಳೆ ಹೂವಿನ ಪರಿಮಳ. ಸೊಸೆ ಹಿತ್ತಲಲ್ಲಿ ಕರಿಬೇವು ಬೆಳೆಸಿದ್ದಾಳೆ. ಅದರ ಬುಡದಲ್ಲಿ ಎದ್ದಿದ್ದ ಒಂದು ಮರಿಯನ್ನು ನಾನು ಬೇರುಸಹಿತ ಕಿತ್ತು, ಕುಂಡದಲ್ಲಿ ನೆಟ್ಟು, ದಿನಾ ನೀರು ಹನಿಸಿ ಎರಡು ತಿಂಗಳಲ್ಲಿ ಗೇಣುದ್ದ ಮಾಡಿದ್ದೆ. ಲಾಸ್ ಏಂಜಲೀಸ್ ಹತ್ತಿರ ಇರುವ ತಂಗಿಯ ಮಗಳಿಗೆ ಕೊಡಬೇಕೆಂದು ನನ್ನ ಆಸೆ. "ಮಾವ, ಇಲ್ಲಿ ನಾಲ್ಕೆಸಳು ಕರಿಬೇವಿಗೆ ಎಷ್ಟು ದುಡ್ಡು ಗೊತ್ತಾ?" ಎಂದು ಅವಳು ಫೋನಿನಲ್ಲಿ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿತ್ತು.

ಒಂದು ಶನಿವಾರ ನಸುಕಿನಲ್ಲೇ ಹೊರಟೆವು. ಕುಂಡವನ್ನು ಹಿಂದಿನ ಸೀಟಿನಲ್ಲಿ ನನ್ನ ಕಾಲ ಬಳಿ ಇಟ್ಟುಕೊಂಡು, ಬಿಸಿಲು ತಾಗದಂತೆ ಮೇಲೊಂದು ಟವಲು ಮುಚ್ಚಿದೆ. ಮಗನಿಗೆ ಹೇಳಲಿಲ್ಲ. ನೋಡಿದ್ದವಳು ಪಕ್ಕದಲ್ಲಿ ಕುಳಿತ ಒಂಬತ್ತು ವರ್ಷದ ಮೊಮ್ಮಗಳು ಮಾತ್ರ.

ರಸ್ತೆಯ ಇಕ್ಕೆಲಗಳಲ್ಲೂ ಕೈ ಎತ್ತಿ ನಿಂತ ಮನುಷ್ಯರಂತೆ ಕಾಣುವ ಸವಾರೊ ಕಳ್ಳಿಗಳು. ಸುಮಾರು ಇನ್ನೂರ ನಲವತ್ತು ಕಿಲೋಮೀಟರ್ ಕಳೆದ ಮೇಲೆ ಕೊಲರಾಡೊ ನದಿ ಬಂತು. ಅದೇ ಎರಡು ರಾಜ್ಯಗಳ ಗಡಿ. ಸೇತುವೆ ದಾಟಿದರೆ ಬ್ಲೈತ್ ಎಂಬ ಊರು. ಅಲ್ಲೇ ನಮ್ಮ ಟೋಲ್‌ಗೇಟಿನಂಥ ಒಂದು ಕಟ್ಟೆ. ಆದರೆ ದುಡ್ಡು ಕೇಳುವುದಿಲ್ಲ, ಪಾಸ್‌ಪೋರ್ಟ್ ಕೇಳುವುದಿಲ್ಲ. ಅದು ಕ್ಯಾಲಿಫೋರ್ನಿಯಾ ಕೃಷಿ ಇಲಾಖೆಯ ತಪಾಸಣಾ ಠಾಣೆ. ಹೊರರಾಜ್ಯಗಳಿಂದ ಬರುವ ಮುಖ್ಯ ರಸ್ತೆಗಳಲ್ಲಿ ಇಂಥವು ಹದಿನಾರು ಇವೆ. 1920ರ ದಶಕದಿಂದ ಈ ವ್ಯವಸ್ಥೆ ನಡೆದುಬಂದಿದೆ. ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ವಾಹನಗಳು ಇವುಗಳ ಮುಂದೆ ಹಾದುಹೋಗುತ್ತವೆ.

ಸಾಲಿನಲ್ಲಿ ನಿಂತಾಗ ಮಗ, "ಅಪ್ಪ, ಹಣ್ಣುಗಿಣ್ಣು ಏನಾದ್ರೂ ಉಳಿದಿದ್ಯಾ?" ಎಂದ. "ಬಾಳೆಹಣ್ಣು ಆಗಲೇ ತಿಂದು ಮುಗಿಸಿದೆವಲ್ಲ" ಎಂದೆ. ಸುಳ್ಳಲ್ಲ, ಆದರೆ ನಿಜವೂ ಅಲ್ಲ.

ಸಮವಸ್ತ್ರದ ಅಧಿಕಾರಿ ಬಗ್ಗಿ ನೋಡಿ, ಎಲ್ಲಿಂದ ಬಂದಿರಿ, ಹಣ್ಣು, ತರಕಾರಿ, ಗಿಡ ಏನಾದರೂ ಇದೆಯೇ ಎಂದು ವಿಚಾರಿಸಿದ. ಮಗ ಇಲ್ಲ ಎಂದ. ಆಗ ಮೊಮ್ಮಗಳು ಕನ್ನಡದಲ್ಲಿ, "ಅಜ್ಜ, ನಿಮ್ಮ ಕರಿಬೇವು ಇದೆಯಲ್ಲ!" ಎಂದಳು.

ಆತನಿಗೆ ಕನ್ನಡ ಬಾರದು. ಮಗು ಏನೋ ಹೇಳುತ್ತಿದೆ ಎಂದು ನಕ್ಕು ಸುಮ್ಮನಾದ. ಇನ್ನು ಎರಡು ಕ್ಷಣ ನಾನು ಬಾಯಿ ಬಿಡದಿದ್ದರೆ ಕಾರು ಮುಂದೆ ಹೋಗುತ್ತಿತ್ತು. ಆದರೆ ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಟವಲು ಸರಿಸಿ, ನನಗೆ ಬಂದ ಇಂಗ್ಲಿಷಿನಲ್ಲಿ, "ಒಂದು ಗಿಡ ಇದೆ" ಎಂದೆ. ಮಗನ ಕಿವಿ ಕೆಂಪಾದದ್ದು ಹಿಂದಿನಿಂದಲೇ ಕಾಣಿಸಿತು.

ಆತ ಬೈಯಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಲು ಹೇಳಿ, ಕುಂಡವನ್ನು ಮೇಜಿನ ಮೇಲಿಟ್ಟು, ಎಳೆ ಚಿಗುರನ್ನು ಭೂತಗನ್ನಡಿಯಲ್ಲಿ ನೋಡಿದ. ಅವನ ಕಣ್ಣಿಗೆ ಏನೂ ಬೀಳಲಿಲ್ಲ. "ಆದರೂ ಒಳಗೆ ಬಿಡಲಾಗದು. ಬೇಕಾದರೆ ನೀವು ವಾಪಸ್ ಅರಿಜೋನಾಕ್ಕೆ ಒಯ್ಯಬಹುದು, ಇಲ್ಲವೇ ಇಲ್ಲಿ ಬಿಟ್ಟುಹೋಗಬೇಕು" ಎಂದ. ಬಿಟ್ಟೆ. ಅವನು ಗಿಡವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ.

"ಅದನ್ನ ಏನ್ ಮಾಡ್ತಾರೆ ಅಜ್ಜ?" ಮೊಮ್ಮಗಳು ಕೇಳಿದಳು.

"ನಾಶ ಮಾಡ್ತಾರೆ ಪುಟ್ಟಿ."

ಆಮೇಲೆ ಬಹಳ ದೂರ ಕಾರಿನಲ್ಲಿ ಮಾತಿರಲಿಲ್ಲ. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು. ಹುಳವಿಲ್ಲ ಎಂದು ಅವನೇ ಕಣ್ಣಾರೆ ಕಂಡಮೇಲೂ ಹೀಗೇಕೆ?

ಇಂಡಿಯೊ ಎಂಬಲ್ಲಿ ಖರ್ಜೂರದ ತೋಟಗಳ ನಡುವೆ ಕಾಫಿಗೆ ನಿಂತಾಗ ಮಗ ಸಮಾಧಾನದಿಂದ ವಿವರಿಸಿದ. ಏಷ್ಯನ್ ಸಿಟ್ರಸ್ ಸಿಲ್ಲಿಡ್ ಎಂಬ ಒಂದು ಕೀಟ. ಮೂರು ನಾಲ್ಕು ಮಿಲಿಮೀಟರ್ ಉದ್ದ, ಎಳ್ಳಿನ ಕಾಳಿನಷ್ಟು. ರಸ ಹೀರುವಾಗ ಹಿಂಭಾಗ ಎತ್ತಿ, ತಲೆ ತಗ್ಗಿಸಿ ಓರೆಯಾಗಿ ಕೂರುತ್ತದೆ. ಎಳೆ ಚಿಗುರಿನ ಮಡಿಕೆಯಲ್ಲಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಬರಿಗಣ್ಣಿಗೆ ಸುಲಭವಾಗಿ ಕಾಣದು. ನಿಂಬೆ, ಕಿತ್ತಳೆ ಯಾವ ಸಸ್ಯ ಕುಟುಂಬಕ್ಕೆ ಸೇರಿವೆಯೋ ನಮ್ಮ ಕರಿಬೇವೂ ಅದೇ ಕುಟುಂಬದ್ದು. ಆದ್ದರಿಂದ ಈ ಕೀಟಕ್ಕೆ ಕರಿಬೇವು ಅಂದರೆ ತವರುಮನೆ.

ಕೀಟ ತಾನಾಗಿ ಅಷ್ಟು ದೊಡ್ಡ ಶತ್ರುವಲ್ಲ. ಅದು ಒಂದು ಬ್ಯಾಕ್ಟೀರಿಯಾವನ್ನು ಮರದಿಂದ ಮರಕ್ಕೆ ಹೊತ್ತೊಯ್ಯುತ್ತದೆ. ಅದರಿಂದ ಬರುವ ರೋಗಕ್ಕೆ ಚೀನೀ ಭಾಷೆಯಲ್ಲಿ ಹುವಾಂಗ್‌ಲಾಂಗ್‌ಬಿಂಗ್ ಎಂದು ಹೆಸರು. ಎಲೆ ಮಚ್ಚೆಮಚ್ಚೆಯಾಗಿ ಹಳದಿಯಾಗುತ್ತದೆ, ಹಣ್ಣು ಸೊಟ್ಟಗಾಗಿ ಹಸಿರಾಗಿಯೇ ಉಳಿದು ಕಹಿಯಾಗುತ್ತದೆ, ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಬಂದಮೇಲೆ ಗುಣಪಡಿಸುವ ಮದ್ದಿಲ್ಲ. ಫ್ಲಾರಿಡಾ ರಾಜ್ಯದಲ್ಲಿ ಈ ರೋಗ 2005ರಲ್ಲಿ ಪತ್ತೆಯಾಯಿತು. ಈ ರೋಗ, ಮೇಲಿಂದ ಮೇಲೆ ಬಂದ ಚಂಡಮಾರುತಗಳು ಸೇರಿ ಅಲ್ಲಿನ ಕಿತ್ತಳೆ ಬೆಳೆ ಹಿಂದಿನ ಹತ್ತನೇ ಒಂದು ಭಾಗಕ್ಕೂ ಕೆಳಗೆ ಇಳಿದಿದೆ. ಕ್ಯಾಲಿಫೋರ್ನಿಯಾಕ್ಕೆ ಕೀಟ 2008ರಲ್ಲಿ, ರೋಗ 2012ರಲ್ಲಿ ಕಾಲಿಟ್ಟಿತು.

"ಬಂದಾಯಿತಲ್ಲ, ಇನ್ನು ತಡೆದು ಏನು ಫಲ?" ಎಂದೆ.

"ಇನ್ನೂ ಬಾರದ ತೋಟಗಳೇ ಹೆಚ್ಚು ಅಪ್ಪ" ಎಂದ ಮಗ.

ಮಧ್ಯಾಹ್ನ ರಿವರ್‌ಸೈಡ್ ಎಂಬ ಊರಿನಲ್ಲಿ ಅವನು ಕಾರು ನಿಲ್ಲಿಸಿದ. ಎರಡು ದೊಡ್ಡ ರಸ್ತೆಗಳು ಕೂಡುವ ಮೂಲೆಯಲ್ಲಿ ಬೇಲಿಯೊಳಗೆ ಒಂದೇ ಒಂದು ಕಿತ್ತಳೆ ಮರ. 1873ರಲ್ಲಿ ಎಲೈಝಾ ಟಿಬೆಟ್ಸ್ ಎಂಬ ಹೆಂಗಸು ಸರ್ಕಾರದಿಂದ ತರಿಸಿಕೊಂಡ ಸಸಿಗಳಲ್ಲಿ ಉಳಿದಿರುವುದು ಇದು. ಮೂಲ ಬ್ರೆಜಿಲ್ ದೇಶದ ಬಾಹಿಯಾ. ಹಣ್ಣಿನ ತುದಿಯಲ್ಲಿ ಹೊಕ್ಕುಳಿನಂಥ ಗುರುತಿರುವ, ಬೀಜವಿಲ್ಲದ ತಳಿ. ಬೀಜವಿಲ್ಲದ್ದರಿಂದ ಕಸಿ ಕಟ್ಟಿಯೇ ವಂಶ ಬೆಳೆಯಬೇಕು. ಕ್ಯಾಲಿಫೋರ್ನಿಯಾದ ಲಕ್ಷಾಂತರ ನೇವಲ್ ಕಿತ್ತಳೆ ಮರಗಳಿಗೆಲ್ಲ ಟಿಬೆಟ್ಸ್ ಅಂಗಳದ ಆ ಸಸಿಗಳೇ ತಾಯಿ. ನೂರೈವತ್ತು ವರ್ಷ ದಾಟಿದ ಆ ಮುತ್ತಜ್ಜಿಯನ್ನು ಈಗ ಸಿಲ್ಲಿಡ್ ಮುಟ್ಟದಂತೆ ಬಿಳಿ ಬಲೆಯ ಗುಡಾರ ಹಾಕಿ ಕಾಪಾಡುತ್ತಿದ್ದಾರೆ.

ಸೊಳ್ಳೆಪರದೆಯೊಳಗೆ ಮಲಗಿಸಿದ ಮಗುವಿನಂತೆ ಕಾಣುತ್ತಿದ್ದ ಆ ಮರದ ಮುಂದೆ ನಾನು ಬಹಳ ಹೊತ್ತು ನಿಂತೆ. ನನ್ನ ಬಾಲ್ಯದ ಕೊಡಗಿನ ಕಿತ್ತಳೆ ನೆನಪಾಯಿತು. ತೆಳು ಸಿಪ್ಪೆ, ಹುಳಿ ಬೆರೆತ ಸಿಹಿ. ಸುಲಿದ ಕೈ ಸಂಜೆಯವರೆಗೂ ಘಮಘಮ. ಕಾಫಿ ತೋಟಗಳಲ್ಲಿ ಹೇರಳವಾಗಿದ್ದ ಆ ಮರಗಳನ್ನು ಸೊರಗಿಸಿದ ರೋಗಗಳಲ್ಲಿ ಇದೂ ಒಂದು. 2018ರಲ್ಲಿ ಭಾರತದಲ್ಲೇ ಮೊದಲು ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಪತ್ತೆಯಾದ ಸೈನಿಕ ಹುಳುವೂ ಅಮೆರಿಕ ಖಂಡದಿಂದ ಬಂದದ್ದೇ. ಹೊರಗಿನಿಂದ ಬಂದು ಬೇಲಿ ಬೇಲಿಯಲ್ಲೂ ಹಬ್ಬಿದ ಕಾಂಗ್ರೆಸ್ ಗಿಡವನ್ನಂತೂ ಹೇಳುವುದೇ ಬೇಡ. ಇವನ್ನೆಲ್ಲ ಯಾರೂ ಬೇಕೆಂದು ಹೊತ್ತು ತಂದಿರಲಾರರು.

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ನಾನು ಖೋಟಾ ನೋಟು ಹಿಡಿದಾಗಲೆಲ್ಲ, "ನನಗೇನು ಗೊತ್ತು ಸ್ವಾಮಿ, ಯಾರೋ ಕೊಟ್ಟರು, ವಾಪಸ್ ಕೊಡಿ" ಎನ್ನುತ್ತಿದ್ದರು. ಅವರು ಹೇಳುವುದು ನಿಜವೆಂದು ನನಗೆ ಗೊತ್ತಿರುತ್ತಿತ್ತು. ಆದರೂ ನೋಟನ್ನು ಹಿಂದಿರುಗಿಸುತ್ತಿರಲಿಲ್ಲ. ಆ ಅಧಿಕಾರಿ ನನ್ನನ್ನು ಕಳ್ಳನೆಂದು ತಡೆಯಲಿಲ್ಲ. ನಾನು ಕೌಂಟರಿನಲ್ಲಿ ಮಾಡಿದ್ದನ್ನೇ ಅವನು ರಸ್ತೆಯಲ್ಲಿ ಮಾಡಿದ. ಕೌಂಟರಿನ ಈಚೆ ಕಡೆ ನಿಂತಾಗ ಮಾತ್ರ ನನಗೆ ಅದು ಕಹಿಯಾಯಿತು.

ಸಂಜೆ ತಂಗಿಯ ಮಗಳಿಗೆ ನಡೆದದ್ದೆಲ್ಲ ಹೇಳಿದೆ. ಅವಳು ನಕ್ಕು, "ಬಿಡಿ ಮಾವ, ಇಲ್ಲೇ ಪರವಾನಗಿ ಇರೋ ನರ್ಸರಿಯಿಂದ ತರ್ತೀನಿ" ಎಂದಳು. ಆ ರಾತ್ರಿ ಸಾರಿಗೆ ಅಂಗಡಿಯ ಕರಿಬೇವೇ ಬಿತ್ತು. ರುಚಿಗೆ ಏನೂ ಕೊರತೆಯಿರಲಿಲ್ಲ.

ಏಪ್ರಿಲ್‌ನಲ್ಲಿ ಊರಿಗೆ ಮರಳಲು ಸೂಟ್‌ಕೇಸ್ ತುಂಬುತ್ತಿದ್ದೆ. ಮೊಮ್ಮಗಳು ಕೋಣೆಯ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತು ದಪ್ಪ ದನಿಯಲ್ಲಿ, "ಹಣ್ಣು, ತರಕಾರಿ, ಗಿಡ, ಬೀಜ ಏನಾದ್ರೂ ಇದ್ಯಾ?" ಎಂದಳು.

ವಾಕಿಂಗ್ ದಾರಿಯಲ್ಲಿ ಕಿತ್ತಿದ್ದ ಒಂದು ಹಳದಿ ಹೂವಿನ ಬೀಜ, ಕಾಗದದ ಪೊಟ್ಟಣದಲ್ಲಿ, ನನ್ನ ಅಂಗಿಯ ಜೇಬಿನಲ್ಲಿತ್ತು. ಹಾನಿಕರ ಕೀಟಗಳನ್ನು ತಡೆಯುವ ಕಾನೂನು ನಮ್ಮ ದೇಶದಲ್ಲೂ 1914ರಿಂದಲೇ ಇದೆ. ಪೊಟ್ಟಣ ತೆಗೆದು ಅವಳ ಅಂಗೈ ಮೇಲಿಟ್ಟೆ.

"ಈಗ ಹೋಗಬಹುದು ಅಜ್ಜ" ಎಂದು ಅವಳು ಕೈ ಇಳಿಸಿದಳು.