ಕೆರೆಯ ಬಳಿ ಬಂಡಿ ಬಿಡುವ ಮುನ್ನ

ಅರಸೀಕೆರೆ ಎಂದೊಡನೆ ಬಹುಮಂದಿಗೆ ಹಾಸನ ಜಿಲ್ಲೆಯ ರೈಲು ಜಂಕ್ಷನ್ ನೆನಪಿಗೆ ಬರುವುದು ಸಹಜ. ಈ ಲೇಖನದಲ್ಲಿ ಹೇಳಹೊರಟಿರುವ ಅರಸೀಕೆರೆ ಬೇರೆ. ಅದು ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಕೋಲಶಾಂತೇಶ್ವರ ಮಠದಿಂದ ಸದ್ಭಕ್ತರಿಗೆ ಪರಿಚಿತವಾದ ಊರು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಮರಳಿ ಬಳ್ಳಾರಿಗೆ ಬಂದು, 2021ರಿಂದ ವಿಜಯನಗರ ಜಿಲ್ಲೆಯ ಭಾಗವಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳ ಸೀಮೆ ಮಳೆಯನ್ನು ನೆಚ್ಚಿ ಬದುಕುವ ಬಯಲುಸೀಮೆ. ಮಳೆ ಕಡಿಮೆಯಾದುದರಿಂದಲೇ ಇಲ್ಲಿನ ಪೂರ್ವಿಕರು ಹೆಜ್ಜೆಹೆಜ್ಜೆಗೂ ಕೆರೆಗಳನ್ನು ಕಟ್ಟಿದರು. ಊರುಗಳ ಹೆಸರಿನ ಕೊನೆಯಲ್ಲಿ 'ಕೆರೆ', 'ಸಮುದ್ರ' ಎಂಬ ಪದಗಳು ನಿಂತಿರುವುದು ಅದಕ್ಕೆ ಸಾಕ್ಷಿ.

ಈ ಸೀಮೆಯಲ್ಲಿ ಮಾಘದಿಂದ ವೈಶಾಖದವರೆಗೆ ಯಾತ್ರೆಯ ಕಾಲ. ಭಾರತ ಹುಣ್ಣಿಮೆಗೆ ತುಂಗಭದ್ರೆಯ ದಡದ ಮೈಲಾರಕ್ಕೆ ಜನ ಕಾರಣಿಕ ಕೇಳಲು ನೆರೆಯುತ್ತಾರೆ. ಮಾಘ ಬಹುಳದಲ್ಲಿ ಮೂಲಾ ನಕ್ಷತ್ರದಂದು ಕೊಟ್ಟೂರಿನ ಗುರು ಬಸವೇಶ್ವರ ಸ್ವಾಮಿಯ ರಥೋತ್ಸವ. ಅದಕ್ಕೆ ದೂರದೂರದ ಊರುಗಳಿಂದ ಪಾದಯಾತ್ರೆಯಲ್ಲಿ ಬರುವವರ ಸಾಲು ಹಗಲಿರುಳೆನ್ನದೆ ರಸ್ತೆಯನ್ನು ತುಂಬಿರುತ್ತದೆ. ಶಿವರಾತ್ರಿಗೆ ಕುರುವತ್ತಿಯ ಬಸವೇಶ್ವರ ಜಾತ್ರೆ, ಯುಗಾದಿಗೆ ಅರಸೀಕೆರೆ ಹೋಬಳಿಯ ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ಜಾತ್ರೆ, ವೈಶಾಖದಲ್ಲಿ ಉಜ್ಜಿನಿಯ ಮರುಳಸಿದ್ಧೇಶ್ವರ ಸ್ವಾಮಿಯ ಶಿಖರ ತೈಲಾಭಿಷೇಕ. ಸುಗ್ಗಿ ಮುಗಿದು, ಕಣ ಬರಿದಾಗಿ, ರೈತನಿಗೆ ಬಿಡುವು ದೊರೆಯುವ ಕಾಲವಿದು. ಇದೇ ಕಾಲದಲ್ಲಿ ಕೆರೆಗಳ ನೀರು ದಿನದಿನಕ್ಕೆ ಇಳಿಯುತ್ತ ಹೋಗುತ್ತದೆ. ಯಾತ್ರಿಕರ ಸಂಖ್ಯೆ ಹೆಚ್ಚಿದಂತೆ ಊರಿನ ನೀರು ಕಡಿಮೆಯಾಗುತ್ತದೆ ಎಂಬ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಿಡಾರದ ವಿಚಾರವನ್ನು ಮಾಡಬೇಕು.

ಬಂಡಿ ಕಟ್ಟಿಕೊಂಡು ಹೋಗಿ, ದಾರಿಯಲ್ಲೇ ಬಿಡಾರ ಹೂಡುವುದು ನಮ್ಮವರಿಗೆ ಹೊಸತಲ್ಲ. ಬಿದಿರಿನ ಕಮಾನಿಗೆ ಚಾಪೆ ಹೊದಿಸಿದ ಕೊಲ್ಲಾರಿ ಬಂಡಿಯೊಳಗೆ ಮೆತ್ತನೆಯ ಹುಲ್ಲು, ಅದರ ಮೇಲೆ ಜಮಖಾನ, ಮೂಲೆಯಲ್ಲಿ ರೊಟ್ಟಿಯ ಗಂಟು, ಬಂಡಿಯ ಕೆಳಗೆ ತೂಗುಬಿಟ್ಟ ಕಂದೀಲು. ಅದೇ ನಾಲ್ಕು ದಿನದ ಮನೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮಕ್ಕಳು ರಜೆಯಲ್ಲಿ 'ಆರ್.ವಿ.' ಎಂಬ ಮನೆಬಂಡಿಯಲ್ಲಿ ಸರೋವರಗಳ ಕಡೆಗೆ ಹೋಗಿ ತಂಗುವುದನ್ನು ವಿಶೇಷವೆಂಬಂತೆ ಹೇಳುವಾಗ, ಅಜ್ಜಂದಿರು ಮುಗುಳ್ನಗುವುದಕ್ಕೆ ಕಾರಣವಿದೆ. ಆದರೆ ಅಲ್ಲಿಂದ ನಾವು ಕಲಿಯಬೇಕಾದುದೂ ಉಂಟು. ಅಲ್ಲಿನ ಉದ್ಯಾನಗಳಲ್ಲಿ ತಂಗುವ ಜಾಗಕ್ಕೆ ಗುರುತು ಹಾಕಿ ಸಂಖ್ಯೆ ಕೊಟ್ಟಿರುತ್ತಾರೆ. ಬೆಂಕಿಗೆ ಒಂದು ನಿಯತ ಕುಂಡ, ಬಳಸಿದ ನೀರನ್ನು ಸುರಿಯಲು ಪ್ರತ್ಯೇಕ ತಾಣ ಇರುತ್ತದೆ. ನಮ್ಮಲ್ಲಿ ಇವನ್ನು ಗುರುತಿಸುವ ಹೊಣೆ ಬಿಡಾರ ಹೂಡುವ ಮನೆಯ ಯಜಮಾನನ ಮೇಲೆಯೇ ಬೀಳುತ್ತದೆ. ಇಂದು ಎತ್ತಿನ ಬಂಡಿಗಳ ಜೊತೆಗೆ ಟೆಂಪೊ, ಟ್ರ್ಯಾಕ್ಟರ್‌ಗಳೂ ಬರುತ್ತಿವೆ, ಚಾಪೆಯ ಬದಲು ತಾಡಪಾಲು ಬಂದಿದೆ. ವಾಹನ ಬದಲಾದರೂ ಜಾಗ ಆರಿಸುವ ವಿವೇಕ ಬದಲಾಗಬೇಕಿಲ್ಲ.

ಆ ವಿವೇಕದ ಮೊದಲ ಪಾಠ, ಕೆರೆಯ ಅಂಗಾಂಗಗಳನ್ನು ಅರಿಯುವುದು. ಕೆರೆಗೆ ಏರಿ, ತೂಬು, ಕೋಡಿ, ಅಂಗಳ, ನೀರು ತರುವ ಹಳ್ಳ, ಕೆಳಗಿನ ಅಚ್ಚುಕಟ್ಟು ಎಂದು ಭಾಗಗಳಿವೆ. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವಿರುವುದರಿಂದ, ಆ ಕೆಲಸಕ್ಕೆ ಅಡ್ಡವಾಗುವಲ್ಲಿ ಮನುಷ್ಯ ಮಲಗಬಾರದು.

ಏರಿಯ ಕೆಳಬದಿ ತಂಪಾಗಿರುತ್ತದೆ, ಹಸಿರಾಗಿರುತ್ತದೆ. ಬಿಸಿಲಿನಲ್ಲಿ ಬಂದವರ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಅಲ್ಲಿನ ನೆಲದಲ್ಲಿ ಜಿನುಗು ಇರುತ್ತದೆ, ಸೊಳ್ಳೆ ಹೆಚ್ಚು. ಕಪ್ಪೆಯನ್ನು ಅರಸಿ ಹಾವು ಬರುವುದೂ ಅಲ್ಲಿಗೇ. ಕೋಡಿಯ ಹಳ್ಳವಂತೂ ಬೇಸಿಗೆಯಲ್ಲಿ ಒಣಗಿ, ನುಣ್ಣನೆಯ ಮರಳು ಹಾಸಿದಂತೆ ಕಾಣುತ್ತದೆ. ಅದು ನೀರಿನ ದಾರಿಯೆಂಬುದನ್ನು ಮರೆಯಬಾರದು. ಯುಗಾದಿಯ ಆಸುಪಾಸಿನಿಂದ ಸಂಜೆಯ ಗುಡುಗು ಮಳೆ ಆರಂಭವಾಗುತ್ತದೆ. ನಾವಿರುವಲ್ಲಿ ಒಂದು ಹನಿ ಬೀಳದಿದ್ದರೂ, ಮೇಲಿನ ಗುಡ್ಡದ ಕಡೆ ಸುರಿದ ಮಳೆ ರಾತ್ರಿ ಹೊತ್ತಿನಲ್ಲಿ ಹಳ್ಳದಲ್ಲಿ ಬರಬಹುದು. ಉಚ್ಚಂಗಿದುರ್ಗದಂತಹ ಕಲ್ಲುಬೆಟ್ಟಗಳ ಬುಡದಲ್ಲಿ ಬಂಡೆಯ ಮೇಲೆ ಬಿದ್ದ ನೀರು ಇಂಗದೆ ತ್ವರಿತವಾಗಿ ಇಳಿದು ಬರುವುದರಿಂದ ಈ ಎಚ್ಚರ ಇನ್ನೂ ಅಗತ್ಯ.

ಕೆರೆಯ ಅಂಗಳದ ವಿಚಾರ ಇನ್ನೊಂದು. ನೀರು ಹಿಂದೆ ಸರಿದಾಗ ವಿಶಾಲವಾದ ಸಮತಟ್ಟು ಬಯಲು ತೆರೆದುಕೊಳ್ಳುತ್ತದೆ. ನೂರು ಬಂಡಿ ಬಿಟ್ಟರೂ ಜಾಗ ಉಳಿಯುತ್ತದೆ. ಆದರೆ ಅಲ್ಲಿ ಒಲೆಯ ಬೂದಿ, ಎಂಜಲು, ಮಲಮೂತ್ರಗಳು ಬಿದ್ದರೆ ಮುಂದಿನ ಮಳೆಗೆ ಅವೆಲ್ಲ ಕೆರೆಯ ನೀರೇ ಆಗುತ್ತವೆ. ಹೂಳು, ಮಣ್ಣು ತೆಗೆದ ಗುಂಡಿಗಳು ಅಂಗಳದಲ್ಲಿ ಅಲ್ಲಲ್ಲಿ ಇರುತ್ತವೆ. ಮೊಳಕಾಲುದ್ದದ ನೀರಿನಲ್ಲಿ ಆಡುತ್ತಿದ್ದ ಮಗು ಒಂದು ಹೆಜ್ಜೆ ಮುಂದಿಟ್ಟರೆ ಆಳದ ಗುಂಡಿಗೆ ಬೀಳಬಹುದು. ರಾಡಿ ನೀರಿನಲ್ಲಿ ಗುಂಡಿ ಕಾಣುವುದಿಲ್ಲ. ಕೆರೆಯ ಬಳಿ ತಂಗುವ ತಾಯಂದಿರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಈಚಿನ ವರ್ಷಗಳಲ್ಲಿ ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರನ್ನು ಕೆರೆಗಳಿಗೆ ತುಂಬಿಸುವ ಯೋಜನೆಗಳು ಈ ಸೀಮೆಗೂ ನೆರೆಯ ಜಗಳೂರು ತಾಲ್ಲೂಕಿಗೂ ಬಂದಿರುವುದರಿಂದ, ಹಿಂದೆ ಬೇಸಿಗೆಯಲ್ಲಿ ಒಣಗಿರುತ್ತಿದ್ದ ಜಾಗದಲ್ಲಿ ಈಗ ನೀರು ನಿಂತಿರಬಹುದು. 'ಹೋದ ಸಲ ಇಲ್ಲೇ ಬಿಟ್ಟಿದ್ದೆವು' ಎಂಬ ನೆನಪನ್ನು ಮಾತ್ರ ನಂಬದೆ, ಊರವರನ್ನು ಕೇಳಿ ಮುಂದುವರಿಯುವುದು ಲೇಸು.

ಹಾಗಾದರೆ ಎಲ್ಲಿ ತಂಗಬೇಕು? ಕೆರೆಯ ಭುಜದಲ್ಲಿ ಎನ್ನಬಹುದು. ಏರಿಯು ಎರಡೂ ತುದಿಗಳಲ್ಲಿ ಗಟ್ಟಿನೆಲಕ್ಕೆ ಹೋಗಿ ಸೇರುತ್ತದೆಯಷ್ಟೆ. ಅಲ್ಲಿಂದ ಆಚೆಗೆ, ಕೋಡಿಯಿಲ್ಲದ ಬದಿಯ ದಿಬ್ಬದ ಮೇಲೆ, ನೀರು ಕಣ್ಣಿಗೆ ಕಾಣುವಷ್ಟು ಹತ್ತಿರ, ನಮ್ಮ ಕೊಳೆ ನೀರಿಗೆ ಸೇರದಷ್ಟು ದೂರ. ಇನ್ನೂರು ಹೆಜ್ಜೆಯ ಅಂತರವಿದ್ದರೆ ಒಳ್ಳೆಯದು. ನೆಲ ಅಂಗೈಯಂತೆ ಸ್ವಲ್ಪ ಇಳಿಜಾರಾಗಿದ್ದು, ಇಳಿಜಾರು ಕೆರೆಯ ಕಡೆಗಿರದೆ ಬೇರೆಡೆಗಿರಬೇಕು. ಮಣ್ಣನ್ನೂ ನೋಡಬೇಕು. ಎರೆಹೊಲದಲ್ಲಿ ಬೇಸಿಗೆಯ ಬಿರುಕುಗಳಿರುತ್ತವೆ. ಒಂದು ಮಳೆ ಬಿದ್ದರೆ ಗಾಲಿ, ಗೊರಸು, ಚಪ್ಪಲಿ ಎಲ್ಲವೂ ಹೂತುಹೋಗುತ್ತವೆ. ಮಸಾರಿ ಕೆಂಪುನೆಲ ನೀರನ್ನು ಬೇಗ ಹೀರುತ್ತದೆ, ಗುಡಾರದ ಗೂಟವನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದು ಗೂಟ ಬಡಿದು ನೋಡಿದರೆ ನೆಲದ ಗುಣ ತಿಳಿಯುತ್ತದೆ.

ನೀರಿನ ವ್ಯವಸ್ಥೆಯನ್ನು ಬಿಡಾರ ಹೂಡಿದ ಮೇಲೆ ಯೋಚಿಸುವುದಲ್ಲ, ಮೊದಲೇ ಯೋಚಿಸಬೇಕು. ವಿಜಯನಗರದ ಕೃಷ್ಣದೇವರಾಯನು 1520ರಲ್ಲಿ ರಾಯಚೂರಿನ ಮೇಲೆ ದಂಡೆತ್ತಿ ಹೋದಾಗ, ಯಾರೂ ಬಾಯಾರಿ ಸಾಯದಂತೆ ಚರ್ಮದ ಚೀಲಗಳಲ್ಲಿ ನೀರು ಹೊತ್ತ ಸಾವಿರಾರು ಮಂದಿಯನ್ನು ದಾರಿಯುದ್ದಕ್ಕೂ ನಿಲ್ಲಿಸಿದ್ದನೆಂದು ಪೋರ್ಚುಗೀಸ್ ಲೇಖಕ ನೂನಿಜ್ ಬರೆದಿದ್ದಾನೆ. ಇಂದು ಪಾದಯಾತ್ರಿಗಳ ದಾರಿಯಲ್ಲಿ ಅರವಟ್ಟಿಗೆ ಇಟ್ಟು, ಪ್ರಸಾದ ನೀಡಿ, ದಾಸೋಹ ನಡೆಸುವ ಭಕ್ತರು ಅದೇ ಕಾಳಜಿಯನ್ನು ಮುಂದುವರಿಸಿದ್ದಾರೆ. ನಿರಾಶ್ರಿತರ ಶಿಬಿರಗಳಿಗಾಗಿ ಅಂತರರಾಷ್ಟ್ರೀಯ ಸೇವಾಸಂಸ್ಥೆಗಳು ಒಪ್ಪಿಕೊಂಡಿರುವ ಕನಿಷ್ಠ ಅಳತೆಯಂತೆ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ದುಡಿಯುವ ಎತ್ತೊಂದಕ್ಕೆ ಸುಮಾರು 40 ಲೀಟರ್ ಬೇಕಾಗುತ್ತದೆ. ಹತ್ತು ಜನ, ಒಂದು ಜೊತೆ ಎತ್ತು ಎಂದು ಹಿಡಿದರೂ ದಿನಕ್ಕೆ 230 ಲೀಟರ್ ಆಯಿತು. ಇಷ್ಟು ನೀರು ಯಾವ ಕೊಳಾಯಿಯಿಂದ, ಯಾವ ಹೊತ್ತಿಗೆ ದೊರೆಯುತ್ತದೆಂದು ತಿಳಿದುಕೊಂಡೇ ಎತ್ತಿನ ಕೊರಳಿನ ನೊಗ ಇಳಿಸಬೇಕು. ಕೆರೆಯ ನೀರು ದನಗಳಿಗಿರಲಿ. ಕುಡಿಯಲು ಬೇರೆ ನೀರು ಸಿಗದಿದ್ದರೆ, ಬಟ್ಟೆಯಲ್ಲಿ ಸೋಸಿ ಚೆನ್ನಾಗಿ ಕುದಿಸಿ ಆರಿಸಿದ ನೀರನ್ನೇ ಮಕ್ಕಳಿಗೆ ಕೊಡಬೇಕು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಕೆರೆಯೊಳಗೆ ಸಲ್ಲದು. ನೀರನ್ನು ಹೊತ್ತು ತಂದು, ದೂರದಲ್ಲಿ ಬಳಸಿ, ಅಲ್ಲೇ ಇಂಗಿಸಬೇಕು. ಶೌಚದ ಗುಂಡಿ ಯಾವುದೇ ಬಾವಿಯಿಂದ ಕನಿಷ್ಠ 30 ಮೀಟರ್ ದೂರವಿರಬೇಕೆಂಬುದು ಆರೋಗ್ಯಶಾಸ್ತ್ರದ ನಿಯಮ.

ನೆರಳಿನ ಆಸೆಯಲ್ಲಿಯೂ ವಿವೇಚನೆ ಬೇಕು. ಹುಣಸೆ, ಮಾವು, ಬೇವಿನ ತೋಪುಗಳು ಯಾತ್ರಿಕರಿಗೆ ಹಿರಿಯರು ಬಿಟ್ಟುಹೋದ ಛತ್ರಗಳೇ ಸರಿ. ಉಚ್ಚಂಗಿದುರ್ಗದ ಹಾಲಮ್ಮನ ತೋಪಿನಲ್ಲಿ ಜಾತ್ರೆಯ ದಿನಗಳಲ್ಲಿ ಬಂಡಿಗಳು ಸಾಲುಗಟ್ಟಿ ನಿಲ್ಲುವುದನ್ನು ನೋಡಿದವರಿಗೆ ತೋಪಿನ ಬೆಲೆ ತಿಳಿದಿರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ನೊಳಂಬವಾಡಿಯನ್ನಾಳಿದ ಪಾಂಡ್ಯರ ಕೋಟೆಯಾಗಿ, ಹೊಯ್ಸಳರೊಡನೆ ಕಾಳಗಗಳನ್ನು ಕಂಡ ಆ ದುರ್ಗದ ಬುಡದಲ್ಲಿ ಇಂದು ದಂಡಿನ ಬದಲು ಭಕ್ತರು ಬೀಡು ಬಿಡುತ್ತಾರೆ. ಆದರೆ ಮರದ ಕೆಳಗೆ ಮಲಗುವ ಮುನ್ನ ತಲೆಯೆತ್ತಿ ನೋಡಬೇಕು. ಒಣಗಿದ ಕೊಂಬೆ ಇದೆಯೇ, ಹೆಜ್ಜೇನಿನ ಗೂಡು ಇದೆಯೇ ಎಂದು ಪರೀಕ್ಷಿಸಬೇಕು. ಜೇನಿರುವ ಮರದಡಿ ಒಲೆ ಹೊತ್ತಿಸಿದರೆ ಹೊಗೆಗೆ ಕೆರಳಿದ ಹುಳುಗಳು ಜನ, ದನ ಎಂದು ನೋಡುವುದಿಲ್ಲ. ಸಿಡಿಲಿನ ಸೂಚನೆ ಕಂಡರೆ ಒಂಟಿಮರದ ಆಶ್ರಯ ಬಿಟ್ಟು ಗಟ್ಟಿ ಕಟ್ಟಡಕ್ಕೆ ಹೋಗಬೇಕು. ಒಲೆಯನ್ನು ಗುಡಾರದಿಂದ ಗಾಳಿ ಬೀಸುವ ದಿಕ್ಕಿಗೆ ಕೆಳಗೆ, ಮಣ್ಣು ಕೆದರಿದ ಬಯಲಿನಲ್ಲಿ ಹೂಡಬೇಕು. ತಾಡಪಾಲು, ಒಣಹುಲ್ಲು, ಗ್ಯಾಸ್ ಸಿಲಿಂಡರು ಒಂದೆಡೆ ಸೇರಿದರೆ ಒಂದು ಕಿಡಿ ಸಾಕು. ಒಂದು ಗುಡಾರಕ್ಕೂ ಇನ್ನೊಂದಕ್ಕೂ ನಡುವೆ ಎರಡು ಮೀಟರ್‌ಗೆ ಕಡಿಮೆಯಿಲ್ಲದ ಓಣಿ ಬಿಟ್ಟರೆ ಬೆಂಕಿ ಹಬ್ಬದು, ರಾತ್ರಿ ಎದ್ದವರು ಹಗ್ಗಕ್ಕೆ ಎಡವಿ ಬೀಳರು.

ಕೆಲವು ಕೆರೆಗಳು ನೋಡಲಿಕ್ಕಷ್ಟೇ ಹೊರತು ತಂಗಲಿಕ್ಕಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಹಿಂದಿನವರು ನೀರಾವರಿಗಾಗಿ ಕಟ್ಟಿದ್ದು. ಅದರ ಅಂಗಳದ ಕರಿಜಾಲಿ ಮರಗಳಲ್ಲಿ ಕೊಕ್ಕರೆ, ಕೆಂಬರಲುಗಳು ಗೂಡು ಕಟ್ಟುತ್ತವೆ. 2017ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು; 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಅಲ್ಲಿ ಒಲೆ ಹೊತ್ತಿಸುವುದು, ಧ್ವನಿವರ್ಧಕ ಹಾಕುವುದು ಗೂಡಿನಲ್ಲಿರುವ ಮರಿಗಳಿಗೆ ಮಾಡುವ ಅಪಚಾರ. ಮುಂಜಾನೆ ಹೋಗಿ, ಮೌನವಾಗಿ ನೋಡಿ, ಮಕ್ಕಳಿಗೂ ತೋರಿಸಿ, ಬೇರೆಡೆ ಬಿಡಾರಕ್ಕೆ ಮರಳುವುದೇ ಯೋಗ್ಯ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನ ದಡವೂ ಬಿಡಾರಕ್ಕೆ ಆಕರ್ಷಕವಾಗಿ ಕಾಣುತ್ತದೆ. ನೀರು ಇಳಿದ ದಡದಲ್ಲಿ ಮೇಲೆ ಒಣಗಿದ ಪದರ, ಕೆಳಗೆ ಕೆಸರು ಇರುವುದರಿಂದ ವಾಹನಗಳನ್ನು ಅಂಚಿನವರೆಗೆ ಒಯ್ಯಬಾರದು.

ಬಿಡಾರದ ನೆಲ ಯಾರದೋ ಹೊಲ, ಇಲ್ಲವೇ ಊರಿನ ಗೋಮಾಳ ಎಂಬುದನ್ನು ನೆನೆದು, ಹೊಲದವರನ್ನು ಅಥವಾ ಗ್ರಾಮ ಪಂಚಾಯಿತಿಯವರನ್ನು ಕೇಳಿಯೇ ಇಳಿಯಬೇಕು. ಹೀಗೆ ಕೇಳಿದವರಿಗೆ ಜಾಗದ ಜೊತೆಗೆ ಒಂದು ಚೊಂಬು ಮಜ್ಜಿಗೆಯೂ ದೊರೆಯುವ ಸೀಮೆ ಇದು. ಜನರನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ತುಂಬಿಕೊಂಡು ಬರುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ; ವೃದ್ಧರನ್ನೂ ಮಕ್ಕಳನ್ನೂ ಬಸ್ಸಿನಲ್ಲಿ ಕಳಿಸಿ, ಸಾಮಾನನ್ನು ಮಾತ್ರ ಅದರಲ್ಲಿ ತರಬಹುದು.

ಹೊರಡುವ ಬೆಳಗಿನ ಕೆಲಸವೇ ಎಲ್ಲಕ್ಕಿಂತ ಮುಖ್ಯವಾದುದು. ಹಿಂದೆ ಬಂಡಿ ಬಿಟ್ಟ ಹೊಲದಲ್ಲಿ ಉಳಿಯುತ್ತಿದ್ದುದು ಸಗಣಿ, ಮೇವಿನ ಚೂರು, ಮುತ್ತುಗದ ಎಲೆ, ಬೂದಿ, ಎಲ್ಲವೂ ಗೊಬ್ಬರವಾಗುತ್ತಿದ್ದವು. ಯಾತ್ರಿಕರು ಇಳಿದರೆ ಹೊಲ ಹಸನಾಗುತ್ತಿತ್ತು. ಇಂದು ಉಳಿಯುವುದು ಪ್ಲಾಸ್ಟಿಕ್ ಲೋಟ, ತಟ್ಟೆ, ಚೀಲ. ಅವು ಗಾಳಿಗೆ ಹಾರಿ ಕೆರೆಯ ತೂಬಿಗೆ ಕಟ್ಟಿಕೊಳ್ಳುತ್ತವೆ, ದನದ ಹೊಟ್ಟೆ ಸೇರುತ್ತವೆ. ಮನೆಯಿಂದ ಸ್ಟೀಲಿನ ತಟ್ಟೆ, ಲೋಟ ತಂದರೆ ಈ ತೊಂದರೆಯ ಮುಕ್ಕಾಲು ಪಾಲು ತಪ್ಪುತ್ತದೆ. ಉಳಿದ ಕಸವನ್ನು ಚೀಲದಲ್ಲಿ ಕಟ್ಟಿಕೊಂಡು ಹೋದರೆ ಪೂರ್ತಿ ತಪ್ಪುತ್ತದೆ. ಕಾಯಕವನ್ನು ನಂಬಿದ ಮನೆತನಗಳಿಗೆ ನೆಲ ಗುಡಿಸುವುದು ಕೀಳು ಕೆಲಸವಲ್ಲ. ಬಿಡಾರ ಎತ್ತಿದ ಮೇಲೆ ಮನೆಮಂದಿಯೆಲ್ಲ ಒಂದು ಸಾಲಾಗಿ ನಿಂತು, ಆ ಜಾಗವನ್ನು ಒಮ್ಮೆ ನಡೆದು ನೋಡಿ, ಕಂಡುದನ್ನು ಹೆಕ್ಕಿ, ಒಲೆಗೆ ನೀರೆರೆದು, ಗುಂಡಿ ಮುಚ್ಚಿ ಹೊರಡಲಿ. ಜಾತ್ರೆ ಮುಗಿದು ನಾವು ಊರು ಸೇರಿದ ಮೇಲೂ ಆ ಕೆರೆಯ ಕೆಳಗಿನ ಮನೆಗಳು ಮುಂದಿನ ಮಳೆಯವರೆಗೆ ಅದೇ ನೀರಿನಲ್ಲಿ ಬದುಕಬೇಕು. ನಾವು ಇಳಿದಿದ್ದ ಜಾಗದಲ್ಲಿ ಗಾಲಿಯ ಗುರುತು ಮಾತ್ರ ಉಳಿದಿದ್ದರೆ, ಮುಂದಿನ ವರ್ಷ ಆ ಊರವರು ನಮ್ಮನ್ನು ಕಂಡು 'ಬನ್ನಿ' ಎನ್ನುತ್ತಾರೆ.